ಆರನೆಯ ಜಾಗ

ನನ್ನ ತಮ್ಮನ ಹೆಸರು ಕಾರ್ಡೆಲ್, ಮನೆಯಲ್ಲಿ ಡೆಲ್. ನಾಲಿಗೆ ಹೊರಳದಂಥ ಹೆಸರೇನಲ್ಲ. ಆದರೂ ಆ ಬೇಸಿಗೆಯಿಡೀ ಮೈದಾನದ ಮೈಕಿನವನು ಅವನನ್ನು ಒಮ್ಮೆ ಕೆಂಡಲ್ ಎಂದ, ಒಮ್ಮೆ ಕಾರ್ಲ್‌ಟನ್ ಎಂದ, ಇನ್ನೊಮ್ಮೆ ಬರೀ ಅಂಗಿಯ ನಂಬರು ಹೇಳಿ ಕೈತೊಳೆದುಕೊಂಡ. ನಾನು ಟೀವಿಯ ಮುಂದೆ ಕೂತು ಆ ಮೈಕಿನವನ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಪಕ್ಕದಲ್ಲಿ ನಮ್ಮ ಪಾದ್ರಿಯ ಹೆಂಡತಿ ಕೂತಿದ್ದರೂ ಬಿಡುತ್ತಿರಲಿಲ್ಲ. "ರೊವೀನಾ, ಸ್ವಲ್ಪ ಬಾಯಿ ಬಿಗಿಹಿಡೀಮ್ಮಾ" ಅಂತ ಅವರೂ ಹೇಳಿ ಹೇಳಿ ಸೋತರು.

ನನ್ನ ಬಾಯಿ ಮೊದಲಿನಿಂದಲೂ ಹೀಗೇ. ಮಿಸಿಸಿಪ್ಪಿಯ ಡೆಲ್ಟಾದಲ್ಲಿ ಶಾಲೆಯ ಬಸ್ಸು ಓಡಿಸುವವಳಿಗೆ ಬಾಯಿ ಇಲ್ಲದಿದ್ದರೆ ಮಕ್ಕಳು ಬಸ್ಸನ್ನು ಹತ್ತಿಯ ಹೊಲಕ್ಕೆ ನುಗ್ಗಿಸಿಬಿಡುತ್ತವೆ. ಅಮ್ಮ ತೀರಿಕೊಂಡಾಗ ಡೆಲ್‌ಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅವನನ್ನು ಬೆಳೆಸಿದವಳು ನಾನು. ಬೈದೆ, ಬಡಿಸಿದೆ, ಸಂಜೆ ಚರ್ಚಿನ ಹಿಂದಿನ ಹುಲ್ಲಿನಲ್ಲಿ ಅವನಿಗೆ ಚೆಂಡು ಎಸೆದೆ. ನಾನು ಎಸೆದ ಕೆಟ್ಟ ಎಸೆತಗಳನ್ನೆಲ್ಲ ಹಿಡಿದೂ ಹಿಡಿದೂ ಅವನ ಕೈ ಹಾಗೆ ಪಳಗಿತು ಅಂತ ಊರಿನವರು ತಮಾಷೆ ಮಾಡುತ್ತಾರೆ. ಅದು ತಮಾಷೆಯೇನಲ್ಲ, ನಿಜ.

ಅಮೆರಿಕನ್ ಫುಟ್‌ಬಾಲಿನಲ್ಲಿ ಅವನು ವೈಡ್ ರಿಸೀವರ್. ಮೈದಾನದ ಅಂಚಿನಿಂದ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ಸಣ್ಣ ಕಾಲೇಜಿನಲ್ಲಿ ಆಡಿದ್ದಕ್ಕೆ ದೊಡ್ಡ ತಂಡದವರು ಯಾರೂ ಅವನನ್ನು ಆರಿಸಲಿಲ್ಲ. ಬೇಸಿಗೆ ಶಿಬಿರಕ್ಕೆ ಮಾತ್ರ ಕರೆಯುತ್ತಿದ್ದರು, ಹಾಲು ಕರೆಯುವಷ್ಟು ದಿನ ಹುಲ್ಲು ಹಾಕಿದ ಹಾಗೆ. ಬೇಸಿಗೆ ಮುಗಿಯುತ್ತಿದ್ದಂತೆ ಮನೆಗೆ ಕಳಿಸುತ್ತಿದ್ದರು. ಮೂರು ತಂಡಗಳು ಹೀಗೇ ಮಾಡಿದವು. ಪ್ರತಿ ಸಲವೂ ಅವನು ಬಂದು ಮೀನಿನ ಕಾರ್ಖಾನೆಯ ಶೀತಕೋಣೆಯಲ್ಲಿ ಕೆಲಸಕ್ಕೆ ನಿಂತ, ಮತ್ತೆ ಬೆಳಗಿನ ಹೊತ್ತು ನದಿಯ ಏರಿಯ ಮೇಲೆ ಓಡಿದ. ಈಗ ಸೇಂಟ್ ಲೂಯಿಸ್ ತಂಡ ಕರೆದಿತ್ತು. "ಇದೇ ಕೊನೆ ಅಕ್ಕಾ. ಇಪ್ಪತ್ತೇಳಾಯ್ತು. ಇನ್ನು ಯಾರೂ ಕರೆಯಲ್ಲ" ಅಂದಿದ್ದ.

ತಂಡದಲ್ಲಿ ಆರು ರಿಸೀವರ್‌ಗಳಿಗೆ ಜಾಗ. ಐದು ಜಾಗ ವಸಂತದಲ್ಲೇ ಹಂಚಿಹೋಗಿತ್ತು. ಉಳಿದ ಆರನೆಯದಕ್ಕೆ ಇಬ್ಬರು: ನನ್ನ ತಮ್ಮ, ಮತ್ತೆ ಆ ವರ್ಷ ಅವರೇ ಆರಿಸಿ ತಂದ ಒಬ್ಬ ಹೊಸ ಹುಡುಗ. ಆ ಹುಡುಗ ಚೆಂಡು ಬಿಟ್ಟರೆ "ಇನ್ನೂ ಎಳಸು, ಕಲೀತಾನೆ" ಅನ್ನುತ್ತಿದ್ದರು. ಡೆಲ್ ಬಿಟ್ಟರೆ "ಇವನನ್ನ ಯಾರೂ ಆರಿಸದೆ ಇದ್ದದ್ದು ಸುಮ್ನೆ ಅಲ್ಲ" ಅನ್ನುತ್ತಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿದುಹೋಯಿತು.

ಕೊನೆಯ ಅಭ್ಯಾಸ ಪಂದ್ಯಕ್ಕೆ ನಾನು ರಜೆ ಹಾಕಿ ಹೊರಟೆ. ಡಬ್ಬಿ ತುಂಬ ಬಿಸಿ ತಮಾಲೆ ಕಟ್ಟಿಕೊಂಡೆ. ಜೋಳದ ಸಿಪ್ಪೆಯಲ್ಲಿ ಸುತ್ತಿ ಖಾರದ ರಸದಲ್ಲಿ ಬೇಯಿಸಿದ್ದು, ಡೆಲ್ ಕೂತ ಕೂತಲ್ಲೇ ಒಂದು ಡಜನ್ ಮುಗಿಸುತ್ತಿದ್ದ. ಪಂದ್ಯದ ಹಿಂದಿನ ಮಧ್ಯಾಹ್ನ ಅವನು ಉಳಿದುಕೊಂಡಿದ್ದ ಹೋಟೆಲಿನ ಕೋಣೆಗೆ ಹೋದೆ. ಅವನ ಜೊತೆ ಟಕರ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. ಅಯೋವಾ ಕಡೆಯ ಬಿಳಿ ಹುಡುಗ. ಅವನದೂ ತೂಗುಯ್ಯಾಲೆಯ ಬದುಕೇ, ತಂಡದ ಮೂರನೆಯ ಎಸೆತಗಾರ. ತಮಾಲೆ ಕೈಗೆತ್ತಿಕೊಂಡವನೇ ಸಿಪ್ಪೆ ಸಮೇತ ಕಚ್ಚಿದ.

"ಲೋ, ಸಿಪ್ಪೆ ಬಿಚ್ಚೋ ಮಾರಾಯ! ಬಾಳೆಹಣ್ಣನ್ನೂ ಹೀಗೇ ತಿಂತೀಯಾ?" ಎಂದೆ.

"ಗೊತ್ತಿರ್ಲಿಲ್ಲ ಅಕ್ಕಾವ್ರೇ" ಎಂದು ಅವನು ಕೆಂಪಗಾದ. ಡೆಲ್ ನಕ್ಕ. ಆದರೆ ತಾನು ಎರಡು ತಿಂದು ತಟ್ಟೆ ಸರಿಸಿದ. ಕೋಣೆಯ ಪರದೆ ಎಳೆದಿತ್ತು, ಆದರೂ ಕಣ್ಣಿಗೆ ಕಪ್ಪು ಕನ್ನಡಕ.

"ಇದೇನೋ ಅವತಾರ? ಜಾಗ ಸಿಗೋಕೆ ಮುಂಚೇನೇ ಸಿನಿಮಾ ಹೀರೋ ಆಗ್ಬಿಟ್ಯಾ?"

"ಬಿಸ್ಲು ಅಕ್ಕಾ. ದಿನಾ ಬಿಸ್ಲಲ್ಲಿ ಓಡೀ ಓಡೀ ಕಣ್ಣುರಿ."

"ವೈದ್ಯರಿಗೆ ತೋರಿಸ್ಬಾರ್ದಾ?"

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಟಕರ್ ಹೇಳಿದ: "ನಮ್ಮಲ್ಲೊಂದು ಮಾತಿದೆ ಅಕ್ಕಾವ್ರೇ. ಪೆಟ್ಟಾಗಿ ಐಸ್ ತೊಟ್ಟೀಲಿ ಕೂತೋನಿಗೆ ತಂಡದಲ್ಲಿ ಜಾಗ ಇಲ್ಲ. ದೊಡ್ಡೋರಿಗೆ ಪೆಟ್ಟಾದ್ರೆ ಅಯ್ಯೋ ಪಾಪ ಅಂತಾರೆ. ನಮ್ಮಂಥೋರಿಗೆ ಆದ್ರೆ ಬಟ್ಟೆ ಬೀರು ಖಾಲಿ ಮಾಡಿ ಹೊರಡು ಅಂತಾರೆ." ನಾನೂ ಅವರ ಜೊತೆ ನಕ್ಕೆ. ನಾಳೆಯ ಪಂದ್ಯದ ಭಯಕ್ಕೆ ಡೆಲ್‌ಗೆ ಊಟ ಸೇರುತ್ತಿಲ್ಲ ಅಂದುಕೊಂಡೆ.

ಪಂದ್ಯದ ಸಂಜೆ ಕುಲುಮೆಯ ಮುಂದೆ ಕೂತಂಥ ಸೆಕೆ. ಅರ್ಧ ಆಟ ಮುಗಿಯುವ ಹೊತ್ತಿಗೆ ಜನ ಎದ್ದು ಹೊರಡತೊಡಗಿದ್ದರು. ದೊಡ್ಡ ಆಟಗಾರರೆಲ್ಲ ಟೋಪಿ ಹಾಕಿಕೊಂಡು ಬದಿಯಲ್ಲಿ ನಿಂತು ಹರಟುತ್ತಿದ್ದರು. ಮೈದಾನದಲ್ಲಿ ಉಳಿದವರು ಜಾಗಕ್ಕಾಗಿ ಬಡಿದಾಡುವವರು ಮಾತ್ರ. ಹೊಸ ಹುಡುಗ ಆಗಲೇ ಒಂದು ಚೆಂಡು ಬಿಟ್ಟಿದ್ದ. ದೇವರು ಕ್ಷಮಿಸಲಿ, ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಆಮೇಲೆ ಅದು ಬಂತು. ಟಕರ್ ಎಸೆದ ಚೆಂಡು ಎತ್ತರಕ್ಕೆ ಹೋಯಿತು, ಕೈಗೆ ಸಿಗುವಂಥದ್ದೇ ಅಲ್ಲ. ಡೆಲ್ ಎದುರಾಳಿಯನ್ನು ಬೆನ್ನಿಗಂಟಿಸಿಕೊಂಡೇ ಓಡುತ್ತಿದ್ದ. ಹಾಗೇ ಮೇಲಕ್ಕೆ ಹಾರಿದ, ಹಿಂದಕ್ಕೆ ಬಾಗಿದ, ಒಂದು ಕೈ ಚಾಚಿದ. ಚೆಂಡು ಆ ಕೈಯಲ್ಲಿ ನಿಂತಿತು. ಅಂಚಿನ ಗೆರೆಯೊಳಗೆ ಎರಡೂ ಕಾಲಿನ ಬೆರಳು ಊರಿ, ಎದುರಾಳಿಯ ಭಾರವೆಲ್ಲ ಎದೆಯ ಮೇಲೆ ಹೊತ್ತು ಬೆನ್ನಡಿಯಾಗಿ ಬಿದ್ದ. ಶಿರಸ್ತ್ರಾಣದ ಹಿಂಭಾಗ ನೆಲಕ್ಕೆ ಬಡಿಯಿತು. ಚೆಂಡು ಮಾತ್ರ ಬಿಡಲಿಲ್ಲ. ಹೊರಟ ಜನ ಮೆಟ್ಟಿಲಲ್ಲೇ ನಿಂತು ಕೂಗಿದರು. ಮೈಕಿನವನು ಮೊದಲ ಸಲ "ಕಾರ್ಡೆಲ್" ಅಂತ ಸರಿಯಾಗಿ ಹೇಳಿದ. ನಾನು ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕನನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಆರನೆಯ ಜಾಗ ನಮ್ಮದಾಯಿತು ಅಂತ ನನ್ನ ಮನಸ್ಸು ಆಗಲೇ ಊರಿಗೆ ಓಡಿಹೋಗಿ ಎಲ್ಲರ ಬಾಗಿಲು ತಟ್ಟುತ್ತಿತ್ತು.

ತಂಡದ ವೈದ್ಯರ ಕಡೆಯವನೊಬ್ಬ ಓಡಿ ಬಂದ. ಡೆಲ್ ಪುಟಿದೆದ್ದು, ಹಲ್ಲು ಬಿಟ್ಟು, ಏನೂ ಆಗಿಲ್ಲ ಹೋಗಯ್ಯ ಎಂಬಂತೆ ಕೈಬೀಸಿದ. ಬಂದವನು ಅರ್ಧದಲ್ಲೇ ಹಿಂತಿರುಗಿದ.

ಸ್ವಲ್ಪ ಹೊತ್ತಿಗೆ ಟಕರ್ ಮತ್ತೆ ಅವನ ಕಡೆಗೇ ಎಸೆದ. ಚೆಂಡು ಒಳಗಡೆಗೆ ಬಂತು, ಡೆಲ್ ಹೊರಗಡೆಗೆ ಓಡಿದ. ಖಾಲಿ ಜಾಗಕ್ಕೆ ಬಂದ ಚೆಂಡನ್ನು ಎದುರಾಳಿ ಆರಾಮಾಗಿ ಹಿಡಿದು, ಯಾರೂ ಮುಟ್ಟದೆ ಕೊನೆಯ ಗೆರೆಯವರೆಗೂ ಓಡಿ ಅಂಕ ಗಳಿಸಿದ. ಡೆಲ್ ನಿಂತಲ್ಲೇ ನಿಂತು ಟಕರ್ ಕಡೆ ತಿರುಗಿ ತನ್ನ ಎದೆ ತಟ್ಟಿಕೊಂಡ.

ಈ ಆಟದಲ್ಲಿ ಅದೊಂದು ಮರ್ಯಾದೆ. ತಪ್ಪು ಯಾರದೇ ಆಗಿರಲಿ, ರಿಸೀವರ್ ಎದೆ ತಟ್ಟಿಕೊಳ್ಳುತ್ತಾನೆ, ನನ್ನದೇ ತಪ್ಪು ಎಂದು ಲೋಕದೆದುರು ಒಪ್ಪಿಕೊಳ್ಳುತ್ತಾನೆ. ಎಸೆಯುವವನನ್ನು ಬಿಟ್ಟುಕೊಟ್ಟ ರಿಸೀವರ್ ಕಡೆಗೆ ಮತ್ತೆ ಚೆಂಡು ಬರುವುದಿಲ್ಲ. ನನಗೆ ರಕ್ತ ಕುದಿಯಿತು. ತಪ್ಪು ಎಸೆದವನು ಟಕರ್, ಅದನ್ನು ತಲೆಯ ಮೇಲೆ ಹೊತ್ತುಕೊಂಡವನು ನನ್ನ ತಮ್ಮ! ಅದೂ ಇವತ್ತು, ತರಬೇತುದಾರರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿರುವಾಗ!

ಪಂದ್ಯ ಮುಗಿದ ಮೇಲೆ ಮನೆಯವರು ಕಾಯುವ ಗೇಟಿನ ಹತ್ತಿರ ಟಕರ್ ಮೊದಲು ಬಂದ. ಮುಖ ಬಾಡಿತ್ತು.

"ಅಕ್ಕಾವ್ರೇ, ಡೆಲ್ ಹುಷಾರಾಗಿದ್ದಾನಾ? ಒಳಕ್ಕೆ ತಿರುಗು ಅಂತ ಎರಡು ಸಲ ಹೇಳ್ದೆ. ತಲೆ ಆಡಿಸ್ದ. ಆಮೇಲೆ ನೋಡಿದ್ರೆ..."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದೆ. "ಅವ್ನು ನಿನ್ನ ಮಾನ ಉಳಿಸ್ದ. ನಿಂಗೆ ನಾಚ್ಕೆ ಆಗ್ಬೇಕು. ಹೋಗು, ಕೋಚ್ ಹತ್ರ ಹೋಗಿ ತಪ್ಪು ನಂದು ಅಂತ ಹೇಳು."

ಅವನು ಏನೋ ಹೇಳಬೇಕೆಂದು ಬಾಯಿ ತೆರೆದ. ನಾನು ಬೆನ್ನು ತಿರುಗಿಸಿದೆ. ಡೆಲ್ ಬಂದಾಗ ಅವನ ಮುಂದೆಯೂ ಇದೇ ಮಾತು ಎತ್ತಿದೆ. "ಬಿಡಕ್ಕಾ, ತಲೆ ನೋವು" ಎಂದಷ್ಟೇ ಅಂದ.

ತಂಡ ಕಿರಿದುಗೊಳಿಸುವ ದಿನ ಬೆಳಿಗ್ಗೆ ಅವನ ಫೋನು ಬಡಿದುಕೊಂಡಿತು. ಆ ಕರೆಯಲ್ಲಿ ಹೇಳುವ ಮಾತು ಶಿಬಿರದಲ್ಲಿ ಎಲ್ಲರಿಗೂ ಬಾಯಿಪಾಠ: ಮೇಲಕ್ಕೆ ಬಾ, ಟ್ಯಾಬ್ಲೆಟ್ ತಗೊಂಡು ಬಾ. ತಂಡದ ಆಟದ ಗುಟ್ಟೆಲ್ಲ ಆ ಟ್ಯಾಬ್ಲೆಟ್‌ನಲ್ಲಿರುತ್ತದೆ. ಅದನ್ನು ವಾಪಸು ಕೇಳಿದರೆ ಮುಗಿಯಿತು. ನಾನು ಕಾರು ನಿಲ್ಲಿಸುವ ಜಾಗದಲ್ಲಿ ಕಾದೆ. ಬೆಟ್ಟದಂಥ ಗಂಡಸರು ಕಸ ತುಂಬುವ ಕಪ್ಪು ಚೀಲಗಳಲ್ಲಿ ತಮ್ಮ ಬೂಟು ಬಟ್ಟೆ ತುಂಬಿಕೊಂಡು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಡೆಲ್ ಕೂಡ ಹಾಗೊಂದು ಚೀಲ ಹಿಡಿದು ಬಂದ. ಕಾರಿನ ಹಿಂದಿನ ಸೀಟಿಗೆ ಎಸೆದು ನನ್ನ ಪಕ್ಕ ಕೂತ.

"ಏನಂದ್ರು?"

"ಅಂಥಾ ಕೈ ನಾವು ನೋಡೇ ಇಲ್ಲ ಅಂದ್ರು. ಆದ್ರೆ ಎಲ್ಲಿಗೆ ಓಡ್ಬೇಕು ಅಂತ ಗೊತ್ತಿಲ್ದೋನನ್ನ ನಂಬೋಕಾಗಲ್ಲ ಅಂದ್ರು." ಸೀಟಿನ ಪಟ್ಟಿ ಬಿಗಿದುಕೊಳ್ಳುತ್ತ, "ಟಕರ್‌ನ ಇಟ್ಕೊಂಡ್ರು" ಎಂದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಕಾರು ಓಡಿಸುತ್ತ ಟಕರ್‌ಗೆ ಶಾಪ ಹಾಕಿದೆ, ಅವನ ಕೈಗೆ ಹಾಕಿದೆ, ಅವನು ಹುಟ್ಟಿದ ಅಯೋವಾಕ್ಕೂ ಹಾಕಿದೆ. ಹೆದ್ದಾರಿಯ ಎರಡೂ ಕಡೆ ಸೋಯಾ ಹೊಲ. ಡೆಲ್ ಕಿಟಕಿಗೆ ತಲೆ ಆನಿಸಿದ್ದ. ಇನ್ನೂ ಪೂರ್ತಿ ಮುಗಿದಿರಲಿಲ್ಲ. ಒಂದು ತಂಡ ಬಿಟ್ಟವನನ್ನು ಮರುದಿನ ಮಧ್ಯಾಹ್ನದೊಳಗೆ ಬೇರೆ ಯಾವ ತಂಡ ಬೇಕಾದರೂ ಕೇಳಬಹುದು. ಅವನ ಫೋನು ನಮ್ಮಿಬ್ಬರ ನಡುವೆ ಇತ್ತು. ಇಬ್ಬರೂ ಅದನ್ನು ನೋಡದಿರುವಂತೆ ನೋಡುತ್ತಿದ್ದೆವು.

"ಅಕ್ಕಾ, ಆ ಕ್ಯಾಚ್ ಹೇಗಿತ್ತು ಹೇಳು" ಎಂದ.

ಹೇಳಿದೆ. ಅವನಿಗೆ ಸಮಾಧಾನವಾಗಲಿ ಎಂದು ಒಂದಕ್ಕೆರಡು ಸೇರಿಸಿ ಹೇಳಿದೆ. ಗುರುತಿಲ್ಲದ ಮುದುಕನನ್ನು ತಬ್ಬಿಕೊಂಡದ್ದು ಹೇಳಿದಾಗ ನಕ್ಕ. ಸ್ವಲ್ಪ ದೂರ ಹೋಗಿ ಮತ್ತೆ, "ಆ ಕ್ಯಾಚ್ ಹೇಗಿತ್ತಕ್ಕಾ?" ಎಂದ. ಹೊಗಳಿಕೆ ಯಾರಿಗೆ ಬೇಡ, ಪಾಪ, ಎಂದುಕೊಂಡು ಮತ್ತೆ ಹೇಳಿದೆ. ಮುದುಕನ ಮಾತು ಬಂದಾಗ ಮೊದಲ ಸಲ ಕೇಳಿದವನಂತೆ ನಕ್ಕ.

"ಒಂದು ಕೈಲಾ, ಎರಡು ಕೈಲಾ?" ಎಂದು ಕೇಳಿದ.

ಚೆಂಡು ಹಿಡಿದವನು ಕೇಳುವ ಪ್ರಶ್ನೆಯಲ್ಲ ಅದು. ನಾನು ಕಾರನ್ನು ಬದಿಗೆ ತಂದು ನಿಲ್ಲಿಸಿದೆ. ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಕಾರು ಅಲುಗುತ್ತಿತ್ತು.

"ಡೆಲ್, ಇತ್ಲಾಗೆ ನೋಡು. ನಿಂಗೆ ಅದು ನೆನಪಿದ್ಯಾ?"

ಅವನ ಕಪ್ಪು ಕನ್ನಡಕ ತೆಗೆಸಿದೆ. ಕಣ್ಣು ನನ್ನ ಮೇಲೆ ನಿಲ್ಲದೆ ಜಾರುತ್ತಿತ್ತು.

"ಇಲ್ಲ ಅಕ್ಕಾ" ಎಂದ. "ಶಿಬಿರ ಶುರುವಾದ ಹೊಸದ್ರಲ್ಲಿ ಒಂದ್ಸಲ ತಲೆಗೆ ಜೋರಾಗಿ ಬಿತ್ತು. ಅವತ್ತಿಂದ ವಾಂತಿ. ಬೆಳಕು ಕಂಡ್ರೆ ಆಗಲ್ಲ. ಪಂದ್ಯಕ್ಕೆ ಬಸ್ ಹತ್ತಿದ್ದು ಗೊತ್ತು. ಆಮೇಲೆ ಟಕರ್ ಏನೋ ಹೇಳ್ದ, ತಲೆ ಆಡಿಸ್ದೆ, ಗೆರೆ ಹತ್ರ ಬರೋಷ್ಟ್ರಲ್ಲಿ ಹೋಯ್ತು. ಏನ್ ಹೇಳ್ದ ಅಂತ ಹೋಯ್ತು. ಎಲ್ಲಿಗಾದ್ರೂ ಓಡ್ಬೇಕಲ್ಲ, ಓಡ್ದೆ."

"ಹಾಗಾದ್ರೆ ಎದೆ ತಟ್ಕೊಂಡಿದ್ದು?"

"ತಪ್ಪು ನಂದೇ ಆಗಿತ್ತಲ್ಲಕ್ಕಾ."

ಆ ಟಕರ್ ಗೇಟಿನ ಹತ್ತಿರ ಕೇಳಿದ್ದು ಇದನ್ನೇ. ಡೆಲ್ ಹುಷಾರಾಗಿದ್ದಾನಾ ಎಂದು ಅಷ್ಟು ಜನರಲ್ಲಿ ಕೇಳಿದವನು ಅವನೊಬ್ಬನೇ.

"ಹೊರಡೋವಾಗ ಎಲ್ರನ್ನೂ ತಂಡದ ಡಾಕ್ಟ್ರು ನೋಡ್ತಾರಲ್ಲ, ಅವರಿಗಾದ್ರೂ ಹೇಳ್ದ್ಯಾ?"

"ಎಲ್ಲಾದ್ರೂ ನೋವಿದ್ಯಾ ಅಂದ್ರು. ಇಲ್ಲ ಅಂದೆ. ಇದೆ ಅಂದ್ರೆ ಬೇರೆ ಯಾವ ತಂಡ ತಗೊಳುತ್ತೆ? ನಾಳೆ ಮಧ್ಯಾಹ್ನದವರೆಗೆ ಸುಮ್ನಿರಕ್ಕಾ, ಕಾಲಿಗೆ ಬೀಳ್ತೀನಿ. ಯಾರಾದ್ರೂ ಕರೀತಾರೆ. ಆಡ್ತಾ ಆಡ್ತಾ ಸರಿಹೋಗುತ್ತೆ."

"ದಾರೀಲಿ ಮೆಂಫಿಸ್‌ನಲ್ಲಿ ಆಸ್ಪತ್ರೆಗೆ ಹೋಗ್ತಿದ್ದೀವಿ."

"ಬೇಡ."

"ಬಾಯ್ಮುಚ್ಕೊಂಡು ಕೂತ್ಕೋ. ಬಾಗಿಲು ತೆಗ್ದು ಇಳಿದ್ಯೋ, ಆ ಹೊಲದ ತುಂಬ ಅಟ್ಟಿಸ್ಕೊಂಡು ಬಂದು ಬಾರಿಸ್ತೀನಿ." ಅವನು ಇಳಿಯಲಿಲ್ಲ.

ಮೆಂಫಿಸ್‌ನಲ್ಲಿ ಅವನನ್ನು ತಳ್ಳುಮಂಚದ ಮೇಲೆ ಮಲಗಿಸಿ ತಲೆಯ ಚಿತ್ರ ತೆಗೆಯುವ ಯಂತ್ರದ ಕೋಣೆಗೆ ಕರೆದುಕೊಂಡು ಹೋದರು. ಬೂಟು, ಗಡಿಯಾರ, ಫೋನು ನನ್ನ ಮಡಿಲಿಗೆ ಬಂತು. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದೆ. ಫೋನು ಬಡಿಯಿತು. ಗುರುತಿಲ್ಲದ ನಂಬರು.

ಗಂಡಸಿನ ದನಿ. ಪಶ್ಚಿಮದ ಕಡೆಯ ಒಂದು ತಂಡದ ಹೆಸರು ಹೇಳಿದ. ನಾನು ಡೆಲ್‌ನ ಅಕ್ಕ ಅಂದೆ, ಅವನು ಡಾಕ್ಟರ ಹತ್ತಿರ ಇದ್ದಾನೆ ಅನ್ನಲು ನಾಲಿಗೆ ಹೊರಳಲಿಲ್ಲ, ಹೊರಗೆ ಹೋಗಿದ್ದಾನೆ ಅಂದೆ.

"ನಿಮ್ ತಮ್ಮನ ಕ್ಯಾಚ್ ನೋಡ್ದೆ ತಾಯಿ" ಎಂದ ಆತ. "ತಿರುಗಾ ಮುರುಗಾ ಹಾಕ್ಕೊಂಡು ನೋಡ್ದೆ. ಇಂಥೋನು ಇಷ್ಟು ವರ್ಷ ಎಲ್ಲಿದ್ದ ಅಂತ ನಮ್ ಕೋಚ್ ಕೇಳ್ತಿದ್ದಾರೆ. ನಮ್ಮಲ್ಲಿ ಒಬ್ಬ ಮಂಡಿ ಮುರ್ಕೊಂಡಿದ್ದಾನೆ, ಜಾಗ ಇದೆ. ಬರೀ ಅಭ್ಯಾಸಕ್ಕಲ್ಲ, ತಂಡಕ್ಕೇನೇ. ಒಂದೇ ಅನುಮಾನ. ಬಿದ್ದಾಗ ತಲೆ ನೆಲಕ್ಕೆ ತಗುಲಿದ ಹಾಗಿತ್ತು. ಹುಡುಗ ಚೆನ್ನಾಗಿದ್ದಾನೆ ತಾನೇ?"

ಇಷ್ಟು ವರ್ಷ ನಾನು ಮೊಣಕಾಲೂರಿ ಬೇಡಿದ್ದು ಈ ಒಂದು ಫೋನನ್ನು. ನಮ್ಮ ಚರ್ಚಿನ ಮುದುಕಿಯರು ಭಾನುವಾರ ಭಾನುವಾರವೂ ಬೇಡಿದ್ದು ಇದನ್ನು. "ಚೆನ್ನಾಗಿದ್ದಾನೆ" ಎಂಬ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಎದುರಿನ ಗೋಡೆಯ ಆಚೆ ಆ ಯಂತ್ರ ಟಕ ಟಕ ಎನ್ನುತ್ತಿತ್ತು.

"ಇಲ್ಲ ಸ್ವಾಮಿ" ಎಂದೆ. "ಚೆನ್ನಾಗಿಲ್ಲ. ತಲೆಗೆ ಪೆಟ್ಟಾಗಿದೆ. ನೀವು ನೋಡಿದ ಕ್ಯಾಚು ಅವ್ನಿಗೇ ನೆನಪಿಲ್ಲ."

"ನಿಜ ಹೇಳಿದ್ರಿ, ಒಳ್ಳೇದಾಯ್ತು ತಾಯಿ. ದೇವ್ರು ಅವನನ್ನ ಕಾಪಾಡ್ಲಿ" ಎಂದು ಆತ ಫೋನು ಇಟ್ಟ. ನನ್ನ ಕೈಯಾರೆ ನನ್ನ ತಮ್ಮನ ಬಾಗಿಲು ಮುಚ್ಚಿದ್ದೆ. ಅಲ್ಲೇ ಕುರ್ಚಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಯಾರೋ ನರ್ಸು ಬಂದು ನೀರು ಕೊಟ್ಟಳು.

ಡಾಕ್ಟರು ಗಟ್ಟಿ ಹೆಂಗಸು, ಮಾತು ಸುತ್ತಿ ಬಳಸಲಿಲ್ಲ. ಮಿದುಳು ಊದಿಕೊಂಡಿದೆ, ಇನ್ನೊಂದು ಪೆಟ್ಟು ಬಿದ್ದಿದ್ದರೆ ಜೀವಕ್ಕೇ ಬರುತ್ತಿತ್ತು ಎಂದರು. ಮರೆವು ನಿಧಾನವಾಗಿ ಹಿಡಿತಕ್ಕೆ ಬರಬಹುದು, ಆಟ ಮಾತ್ರ ಇನ್ನು ಇಲ್ಲ. ಕೋಣೆಗೆ ಬಂದ ಮೇಲೆ ಅವನು ಮೊದಲು ಕೇಳಿದ್ದು, "ಅಕ್ಕಾ, ಯಾರಾದ್ರೂ ಫೋನ್ ಮಾಡಿದ್ರಾ?"

ಬೆಳೆಸಿದವಳು ನಾನು, ಸುಳ್ಳು ಹೇಳಿ ಬೆಳೆಸಲಿಲ್ಲ. ಎಲ್ಲ ಹೇಳಿದೆ. ಅವನು ಮೊದಲು ನಂಬಲಿಲ್ಲ. ಆಮೇಲೆ ಆ ದೊಡ್ಡ ಮೈ ಇಡೀ ಮಂಚದ ಮೇಲೆ ಅಲುಗಾಡುವಂತೆ ಅತ್ತ.

"ತಂಡಕ್ಕೇನೇ ಅಂದ್ರಾ?"

"ಹೌದು ಕಣೋ."

"ಹಾಗಂದ್ರೂ ನೀನು ಬೇಡ ಅಂದ್ಯಾ? ಅಮ್ಮ ಇದ್ದಿದ್ರೆ ಹೀಗ್ ಮಾಡ್ತಿರ್ಲಿಲ್ಲ ರೊವೀನಾ." ಅಕ್ಕ ಎನ್ನಲಿಲ್ಲ. ಗೋಡೆಯ ಕಡೆ ಮುಖ ಮಾಡಿದ. ಔಷಧಿಗೆ ನಿದ್ದೆ ಬಂತು.

ಅವನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ನನ್ನ ಮೇಲೆ ಹರಿಹಾಯಲಿ, ಸಹಿಸಿಕೊಳ್ಳುತ್ತೇನೆ ಎಂದು ಗಟ್ಟಿಯಾಗಿ ಕೂತಿದ್ದೆ. ಅವನು ನನ್ನನ್ನು ನೋಡಿ ನಕ್ಕ. "ಅಕ್ಕಾ, ಯಾರಾದ್ರೂ ಫೋನ್ ಮಾಡಿದ್ರಾ?"

ಮತ್ತೆ ಹೇಳಿದೆ. ಅವನು ಮತ್ತೆ ಅತ್ತ, ಅಷ್ಟೇ ಜೋರಾಗಿ. ತಂಡಕ್ಕೇನೇ ಅಂದ್ರಾ ಎಂದ. ಅಮ್ಮ ಇದ್ದಿದ್ರೆ ಎಂದ. ಅವನಿಗೆ ಅದು ಹಳೆಯ ಸುದ್ದಿಯಲ್ಲ, ಆಗಷ್ಟೇ ಎದೆಗೆ ಬಿದ್ದ ಏಟು.

ಬೆಳಿಗ್ಗೆ ತಿಂಡಿಯ ತಟ್ಟೆ ಬಂತು. ಅವನು ಎದ್ದು ಕೂತು ದಿಂಬಿನ ಕೆಳಗೆ, ಹೊದಿಕೆಯ ಕೆಳಗೆ ಫೋನು ಹುಡುಕಿದ. ಅದು ನನ್ನ ಕೈಯಲ್ಲಿತ್ತು. ಅವನ ಮುಖದಲ್ಲಿ ಅದೇ ಆಸೆ, ಚಿಕ್ಕಂದಿನಿಂದ ನಾನು ಕಂಡ ಅದೇ ಆಸೆ.

"ಅಕ್ಕಾ, ಯಾರಾದ್ರೂ ಫೋನ್ ಮಾಡಿದ್ರಾ?"

ನಾನು ಅವನ ತಟ್ಟೆಯಲ್ಲಿದ್ದ ಬ್ರೆಡ್ಡಿಗೆ ಬೆಣ್ಣೆ ಸವರಿದೆ.

"ಇಲ್ಲ ಕಣೋ. ಯಾರೂ ಮಾಡ್ಲಿಲ್ಲ."

ಅವನು ನನ್ನ ಮುಖ ನೋಡಿ, ಕೈ ಚಾಚಿ ನನ್ನ ಕಣ್ಣೊರೆಸಿದ.

"ಅಳ್ಬೇಡ ಅಕ್ಕಾ" ಎಂದ. "ಇನ್ನೂ ಮಧ್ಯಾಹ್ನ ಆಗಿಲ್ಲ. ಮಾಡ್ತಾರೆ."